ಗೋಡೆಗೊಂದು ಹಳೆಯ ವ್ಯಂಗ್ಯಚಿತ್ರ: ಗಿಲ್ರೇ, ಪಂಚ್, ಸ್ಪೈ, ಕೊರವಂಜಿ – ಯಾವುದನ್ನು ಕೊಳ್ಳುವುದು?

ಮಂಡ್ಯದಲ್ಲಿ ವಕೀಲಿಕೆ ಮಾಡುವ ನನ್ನ ಭಾವಮೈದ ಹೋದ ವರ್ಷ ಮನೆ ಕಟ್ಟಿಸಿದ. ಮುಂದಿನ ಕೋಣೆಯೇ ಅವನ ಆಫೀಸು. ಕಾನೂನು ಸಂಪುಟಗಳ ಗಾಜಿನ ಬೀರು ಬಂತು, ಅವರಪ್ಪನ ಕಾಲದ ತೇಗದ ಮೇಜೂ ಬಂತು, ಗೋಡೆ ಮಾತ್ರ ಖಾಲಿ ಉಳಿಯಿತು. ‘ಭಾವ, ಹಳೇ ಕಾಗದದ ಹುಚ್ಚಿರೋರು ನೀವು. ಯಾವ್ದಾರ ಒಂದು ಹಳೇ ಕಾರ್ಟೂನ್ ಪ್ರಿಂಟ್ ಕೊಡ್ಸಿ. ರಾಜಕೀಯದ್ದಾಗಿರ್ಲಿ. ಕಕ್ಷಿದಾರರು ಕಾಯ್ತಾ ಕೂತಾಗ ನೋಡಿ ನಗ್ಬೇಕು’ ಅಂದ. ಎರಡು ತಿಂಗಳು ನಾವಿಬ್ಬರೂ ಫೋನಿನಲ್ಲಿ ಜಗಳವಾಡಿದ್ದರ ಸಾರ ಈ ಬರಹ. ಮೈಸೂರು–ಮಂಡ್ಯದ ಕಡೆ ಇಂಥದ್ದೇ ಗೋಡೆ ಇಟ್ಟುಕೊಂಡು ಕೂತವರಿಗೆ ಉಪಯೋಗವಾಗಬಹುದು.

ಬೆಲೆ, ವಯಸ್ಸು, ಬಣ್ಣ ಇವೆಲ್ಲಕ್ಕಿಂತ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ಈ ಚಿತ್ರದಲ್ಲಿ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ? ಭೂದೃಶ್ಯವೋ ದೇವರ ಪಟವೋ ಆದರೆ ಈ ಪ್ರಶ್ನೆ ಹುಟ್ಟುವುದಿಲ್ಲ. ವ್ಯಂಗ್ಯಚಿತ್ರ ಹಾಗಲ್ಲ. ತೂಗುಹಾಕಿದ ಮೇಲೆ ಆ ನಗುವಿನಲ್ಲಿ ನಾವೂ ಪಾಲುದಾರರು.

ಊರಿನ ಕಥೆ ಇರುವುದು ಗಿಲ್ರೇಯಲ್ಲಿ

ನನ್ನ ಮೊದಲ ಆಯ್ಕೆ ಜೇಮ್ಸ್ ಗಿಲ್ರೇ. 1756ರಲ್ಲಿ ಹುಟ್ಟಿ 1815ರಲ್ಲಿ ತೀರಿಕೊಂಡ ಲಂಡನ್ನಿನ ಈ ಕಲಾವಿದ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸುತ್ತಿದ್ದ. ಒಂದೊಂದು ಪ್ರತಿಗೂ ಕೈಯಲ್ಲೇ ಬಣ್ಣ ಬಳಿಯುತ್ತಿದ್ದರು. ಹ್ಯಾನಾ ಹಂಫ್ರಿ ಎಂಬಾಕೆ ತನ್ನ ಅಂಗಡಿಯ ಕಿಟಕಿಯಲ್ಲಿ ಅವನ್ನು ತೂಗುಹಾಕಿ ಮಾರುತ್ತಿದ್ದಳು. ಕೊಳ್ಳಲು ಕಾಸಿಲ್ಲದವರು ರಸ್ತೆಯಲ್ಲೇ ನಿಂತು ನೋಡಿ ನಗುತ್ತಿದ್ದರು. ನೆಪೋಲಿಯನ್ ಎಂದರೆ ಕುಳ್ಳ ಎಂಬ ನಂಬಿಕೆ ಇಂದಿಗೂ ಉಳಿದಿರುವುದರಲ್ಲಿ ಈ ಮಹಾಶಯನ ಪಾಲು ದೊಡ್ಡದು.

ನಮಗೆ ಬೇಕಾದ ಗಿಲ್ರೇ ಚಿತ್ರ 1791ರ ಡಿಸೆಂಬರಿನಲ್ಲಿ ಬಂದದ್ದು. ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು’ ಎಂಬರ್ಥದ ಹೆಸರು. ಅದರ ಹಿಂದಿನ ಕಥೆ ಮಂಡ್ಯ ಜಿಲ್ಲೆಯದೇ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ ಹುಮ್ಮಸ್ಸಿನಲ್ಲೇ ಶ್ರೀರಂಗಪಟ್ಟಣದ ಕಡೆ ಬಂದ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದ. ಆದರೆ ದಾರಿಯುದ್ದಕ್ಕೂ ಟಿಪ್ಪುವಿನ ಕಡೆಯವರು ಮೇವು–ದವಸ ಸುಟ್ಟಿದ್ದರು. ಫಿರಂಗಿ ಎಳೆಯುವ ಎತ್ತುಗಳು ಹೊಟ್ಟೆಗಿಲ್ಲದೆ ಸತ್ತವು, ಮಳೆ ಹಿಡಿಯಿತು, ಕಾವೇರಿ ಏರಿತು. ಗೆದ್ದವನೇ ತನ್ನ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ವಾಪಸಾಗಬೇಕಾಯಿತು. ಸುದ್ದಿ ಲಂಡನ್ನಿಗೆ ಹಡಗಿನಲ್ಲಿ ಹೋಗಿ ಸೇರಲು ತಿಂಗಳುಗಳೇ ಬೇಕು. ಚಿತ್ರ ಡಿಸೆಂಬರಿನಲ್ಲಿ ಬಂದದ್ದು ಅದಕ್ಕೆ.

ಚಿತ್ರದಲ್ಲಿ ಟಿಪ್ಪು ಕೋಟೆಯ ಮೇಲೆ ನಿಂತಿದ್ದಾನೆ. ಕೆಳಗೆ ಕಾರ್ನ್‌ವಾಲಿಸ್ ಪಲಾಯನ ಮಾಡುತ್ತಿದ್ದಾನೆ. ಮೇಲಿನಿಂದ ಅವನ ಕಡೆ ಸುರಿಯುತ್ತಿರುವ ‘ಮುಂಗಾರು’ ಆಕಾಶದ್ದಲ್ಲ, ಟಿಪ್ಪುವಿನದು. ಇಷ್ಟು ಹೇಳಿದರೆ ಸಾಕು, ಉಳಿದದ್ದು ನಿಮಗೆ ಗೊತ್ತಾಯಿತು.

ಇಂಗ್ಲಿಷರವನೇ ಒಬ್ಬ ತಮ್ಮ ಸೇನಾಪತಿಯನ್ನು ಹೀಗೆ ನೆನೆಸಿದ ಎಂಬುದೇ ಈ ಚಿತ್ರದ ತೂಕ. ಮರುವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರಾರಿನಲ್ಲಿ ಬರೆಸಿಕೊಂಡ. ಆ ಮಕ್ಕಳನ್ನು ಕೈಹಿಡಿದು ಬರಮಾಡಿಕೊಳ್ಳುವ ಕರುಣಾಮಯಿ ಕಾರ್ನ್‌ವಾಲಿಸ್‌ನ ಚಿತ್ರಗಳು ಬೇಕಾದಷ್ಟಿವೆ. ಅಚ್ಚುಕಟ್ಟಾದ ಕೆಲಸವೇ, ಆದರೆ ಅವು ಗೆದ್ದವರ ಜಾಹೀರಾತು. ಸೇನೆಯ ಜೊತೆಗೇ ಬಂದಿದ್ದ ರಾಬರ್ಟ್ ಹೋಮ್ ಬಿಡಿಸಿದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಅಚ್ಚಾದವು. ಬೆಟ್ಟಗುಡ್ಡ, ಕೋಟೆ ಇಷ್ಟಪಡುವವರಿಗೆ ಚೆನ್ನ. ನಗು ಬೇಕೆಂದವರಿಗೆ ಅವಲ್ಲ.

ಹಾಗೆ ನೋಡಿದರೆ ಮೈಸೂರಿನವರು ತಿರುಗಿ ನಕ್ಕ ಚಿತ್ರವೂ ಇದೆ, ಆದರೆ ಅದು ಮಾರಾಟಕ್ಕಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೋತ ಇಂಗ್ಲಿಷ್ ದಂಡಿನ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಇನ್ನೊಂದು ಕಡೆ ಹೈದರಾಬಾದಿನ ನಿಜಾಮನ ದಂಡಿನ ಜೊತೆ ಒಂದು ಆಕಳು, ಒಂದು ಹಂದಿಯನ್ನು ಬರೆದಿದ್ದಾರೆ. ನಿಜಾಮನ ಗೆಳೆತನವನ್ನು ಹಂಗಿಸಿದ್ದು ಅದು ಎಂದು ಗೈಡುಗಳು ತೋರಿಸುತ್ತಾರೆ. ಗಿಲ್ರೇ ಪ್ರಿಂಟು ಕೊಳ್ಳುವ ಮುಂಚೆ ಒಂದು ಭಾನುವಾರ ಅಲ್ಲಿಗೆ ಹೋಗಿ ಅರ್ಧ ಗಂಟೆ ನಿಲ್ಲಿ. ಎರಡನ್ನೂ ಕಂಡವರಿಗೆ ಎರಡೂ ಇನ್ನಷ್ಟು ಸೊಗಸು.

ಇನ್ನು ವ್ಯವಹಾರದ ಮಾತು. ಗಿಲ್ರೇ ಎಂದು ಮಾರುವುದರಲ್ಲಿ ಮೂರು ಬಗೆ, ಬೆಲೆಯಲ್ಲಿ ಆನೆ–ಆಡಿನಷ್ಟು ಅಂತರ. ಅವನು ಬದುಕಿದ್ದಾಗಲೇ ಅಚ್ಚಾಗಿ ಕೈಬಣ್ಣ ಬಿದ್ದದ್ದು ಮೊದಲನೆಯದು. ಅದಕ್ಕೆ ನಮ್ಮಂಥವರು ಕೈ ಹಾಕುವುದು ಕಷ್ಟ. ಎರಡನೆಯದು, ಅವನ ತಗಡುಗಳನ್ನೇ ಕೊಂಡುಕೊಂಡ ಹೆನ್ರಿ ಬಾನ್ ಎಂಬ ಪ್ರಕಾಶಕ 1850ರ ಆಸುಪಾಸಿನಲ್ಲಿ ಮತ್ತೆ ಹಾಕಿಸಿದ ಅಚ್ಚು. ತಗಡು ಅಸಲಿಯೇ, ಗೆರೆಯೂ ಅವನದೇ. ಆದರೆ ಕಪ್ಪುಬಿಳುಪು, ದಪ್ಪ ಕಾಗದ, ಹಾಳೆಯ ಎರಡು ಬದಿಗೂ ಚಿತ್ರ. ಹಿಂದೆ ಮುಂದೆ ಚಿತ್ರವಿದ್ದು ಮೂಲೆಯಲ್ಲಿ ಸಂಖ್ಯೆ ಇದ್ದರೆ ಬಾನ್ ಎಂದೇ ತಿಳಿಯಿರಿ. ಕೆಲವರು ಅದಕ್ಕೆ ಈಗ ಬಣ್ಣ ಬಳಿದು ‘ಗಿಲ್ರೇ ಕಾಲದ್ದು’ ಎಂದು ಮಾರುವುದುಂಟು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಗದದೊಳಗಿನ ನೀರಚ್ಚು ಕಾಣುತ್ತದೆ. 1794ರ ಆಮೇಲೆ ಇಂಗ್ಲೆಂಡಿನ ಕಾಗದಗಳಲ್ಲಿ ತಯಾರಿಸಿದ ವರ್ಷವೂ ಇರುವುದು ಸಾಮಾನ್ಯ. 1791ರ ಚಿತ್ರದಲ್ಲಿ 1815ರ ನೀರಚ್ಚು ಕಂಡರೆ ಮಾರುವವನ ಮುಖ ನೋಡಿ, ಕಾಗದ ನೋಡಬೇಡಿ. ಮೂರನೆಯದು ಇವತ್ತಿನ ಡಿಜಿಟಲ್ ನಕಲು. ಅದರ ಮಾತು ಆಮೇಲೆ.

ವಕೀಲರಿಗೆಲ್ಲ ಬೇಕಾದ ಸ್ಪೈ

ಭಾವಮೈದನ ಕಣ್ಣಿದ್ದದ್ದು ಬೇರೆ ಕಡೆ. ಬೆಂಗಳೂರಿನ ಹಿರಿಯ ವಕೀಲರೊಬ್ಬರ ಚೇಂಬರಿನಲ್ಲಿ ಕೆಂಪು ನಿಲುವಂಗಿಯ, ಕುದುರೆಗೂದಲ ಟೋಪನ್ನಿನ ನ್ಯಾಯಾಧೀಶರ ಚಿತ್ರಗಳ ಸಾಲನ್ನು ನೋಡಿ ಬಂದಿದ್ದ. ಅವು ಲಂಡನ್ನಿನ ‘ವ್ಯಾನಿಟಿ ಫೇರ್’ ವಾರಪತ್ರಿಕೆಯವು. 1868ರಲ್ಲಿ ಥಾಮಸ್ ಗಿಬ್ಸನ್ ಬೌಲ್ಸ್ ಶುರು ಮಾಡಿದ ಪತ್ರಿಕೆ 1914ರವರೆಗೆ ನಡೆಯಿತು. ವಾರಕ್ಕೊಬ್ಬ ದೊಡ್ಡ ಮನುಷ್ಯನ ಬಣ್ಣದ ಕಲ್ಲಚ್ಚು ಚಿತ್ರ. ಮೊದಲನೆಯವನು 1869ರ ಜನವರಿಯಲ್ಲಿ, ಬ್ರಿಟನ್ನಿನ ಪ್ರಧಾನಿಯಾಗಿದ್ದ ಡಿಸ್ರೇಲಿ; ಬರೆದವನು ‘ಏಪ್’ ಎಂದು ಸಹಿ ಹಾಕುತ್ತಿದ್ದ ಇಟಲಿಯ ಕಾರ್ಲೊ ಪೆಲ್ಲೆಗ್ರಿನಿ. 1873ರಿಂದ ‘ಸ್ಪೈ’ ಎಂಬ ಹೆಸರಿನ ಲೆಸ್ಲಿ ವಾರ್ಡ್ ಸೇರಿಕೊಂಡ. ಎಷ್ಟು ಬರೆದನೆಂದರೆ ಬೇರೆಯವರು ಬರೆದದ್ದಕ್ಕೂ ಜನ ‘ಸ್ಪೈ ಪ್ರಿಂಟು’ ಎನ್ನುವಷ್ಟು.

ಇವುಗಳಲ್ಲಿ ಕೊಳ್ಳುವವರಿಗೆ ಅನುಕೂಲ ಬಹಳ. ಹಾಳೆ ಸುಮಾರು 15 ಇಂಚು ಉದ್ದ, 10 ಇಂಚು ಅಗಲ, ಕಟ್ಟು ಹಾಕಿಸಲು ಹದವಾದ ಅಳತೆ. ಹಿಂಬದಿ ಖಾಲಿ. ಕೆಳಗೆ ತಾರೀಖು, ಚೇಷ್ಟೆಯ ಒಂದು ಶೀರ್ಷಿಕೆ, ಅಚ್ಚಿನವರ ಹೆಸರು ಇರುತ್ತದೆ. ಇಂಡಿಯಾದವರೂ ಇದ್ದಾರೆ: ಹೈದರಾಬಾದಿನ ಸಾಲಾರ್ ಜಂಗ್, ದುಲೀಪ್ ಸಿಂಗ್, 1897ರಲ್ಲಿ ಕ್ರಿಕೆಟ್ ಬ್ಯಾಟು ಹಿಡಿದ ರಣಜಿತ್‌ಸಿಂಹಜಿ. ಬೆಲೆ ಮಾತ್ರ ವಿಚಿತ್ರ. ಬೇಡಿಕೆಯಿಂದ ಏರುವುದು ವಕೀಲರು, ಜಡ್ಜುಗಳು, ಕ್ರಿಕೆಟಿಗರು. ಪಾದ್ರಿಗಳನ್ನೂ ಸಾಮಾನ್ಯ ಪಾರ್ಲಿಮೆಂಟ್ ಸದಸ್ಯರನ್ನೂ ಕೇಳುವವರಿಲ್ಲ. ಅಂದರೆ ರಾಜಕೀಯದ ಚಿತ್ರವೇ ಬೇಕೆಂದವನಿಗೆ ಇಲ್ಲಿ ಅಗ್ಗ!

ನನ್ನ ತಕರಾರು ಇಷ್ಟೇ, ಇದರಲ್ಲಿ ವ್ಯಂಗ್ಯ ಸೊರಗಿದೆ. ಏಪ್ ಬರೆದ ಮೊದಮೊದಲಿನವಕ್ಕೆ ಖಾರ ಇತ್ತು. ಬರಬರುತ್ತಾ ಇದರಲ್ಲಿ ಚಿತ್ರ ಬರುವುದೇ ದೊಡ್ಡಸ್ತಿಕೆಯಾಯಿತು, ಬರೆಯುವವನ ಕೈಯೂ ಮೆತ್ತಗಾಯಿತು. ಸ್ವಲ್ಪ ಉದ್ದ ಮೂಗು, ಸ್ವಲ್ಪ ಬಾಗಿದ ಬೆನ್ನು, ಅಷ್ಟೇ. ನೆಂಟರಿಷ್ಟರು ಮದುವೆ ಮನೆಯಲ್ಲಿ ಗೇಲಿ ಮಾಡುತ್ತಾರಲ್ಲ, ಆ ಮಟ್ಟದ್ದು. ‘ಅದೇ ಚೆನ್ನಾಗೈತೆ ಭಾವ, ನಾಳೆ ಜಡ್ಜು ಮನೆಗೆ ಬಂದ್ರೂ ಬೇಜಾರಾಗಲ್ಲ’ ಎಂದ ಇವನು. ಆಫೀಸಿಗೆ ನೆಮ್ಮದಿಯ ಚಿತ್ರ ಸಾಕು ಎನ್ನುವವರಿಗೆ ನಿಜಕ್ಕೂ ಇದೇ ಸರಿ.

ಪಂಚ್: ಹಾಳೆ ಬೇಡ, ಸಂಪುಟ ತನ್ನಿ

ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವುದು 1841ರಲ್ಲಿ ಲಂಡನ್ನಿನಲ್ಲಿ ಶುರುವಾದ ಹಾಸ್ಯ ವಾರಪತ್ರಿಕೆ ‘ಪಂಚ್’. ನಾವು ಇವತ್ತು ಹೇಳುವ ‘ಕಾರ್ಟೂನ್’ ಎಂಬ ಮಾತಿಗೆ ಈ ಅರ್ಥ ಬಂದದ್ದೇ 1843ರಲ್ಲಿ ಅದರಲ್ಲಿ ಜಾನ್ ಲೀಚ್ ಬರೆದ ಚಿತ್ರದಿಂದ. ಆಮೇಲೆ ಜಾನ್ ಟೆನಿಯಲ್ ಐವತ್ತು ವರ್ಷ ಅದರ ದೊಡ್ಡ ಚಿತ್ರ ಬರೆದ. ಅವನು ಬರೆದದ್ದನ್ನು ಜೋಸೆಫ್ ಸ್ವೇನ್‌ನ ಕೆಲಸಗಾರರು ಮರದಲ್ಲಿ ಕೆತ್ತುತ್ತಿದ್ದರು. ಮರದ ಸಣ್ಣ ತುಂಡುಗಳನ್ನು ಜೋಡಿಸಿ ದೊಡ್ಡ ಅಚ್ಚು ಮಾಡುತ್ತಿದ್ದರಿಂದ ಕೆಲವು ಚಿತ್ರಗಳಲ್ಲಿ ಅಡ್ಡಡ್ಡಕ್ಕೆ ಕೂದಲೆಳೆಯಂಥ ಬಿಳಿ ಗೆರೆ ಕಾಣುತ್ತದೆ. ಅದು ದೋಷವಲ್ಲ, ಮರದಚ್ಚಿನ ಗುರುತು.

ಆದರೆ ಇಲ್ಲಿ ನನ್ನ ಮೊದಲ ಪ್ರಶ್ನೆ ಅಡ್ಡ ಬರುತ್ತದೆ. ಟೆನಿಯಲ್‌ನ ಬಹು ಹೆಸರಾಂತ ಚಿತ್ರ 1857ರ ಆಗಸ್ಟಿನದು: ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ಹಾರಿ ಸೇಡು ತೀರಿಸಿಕೊಳ್ಳುವುದು. ಸಿಪಾಯಿ ದಂಗೆಯ ಸುದ್ದಿ ಕೇಳಿ ಬರೆದದ್ದು. ಸಿಂಹ ಹುಲಿಯನ್ನು ಕೆಡಹುವ ಈ ಕಲ್ಪನೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸೈನಿಕರಿಗೆ ಹಂಚಿದ ಪದಕದಲ್ಲೂ ಇದೇ ಸಿಂಹ, ಕೆಳಗೆ ಇದೇ ಹುಲಿ. ಆ ಹುಲಿ ಯಾರದೆಂದು ಇಲ್ಲಿನವರಿಗೆ ಹೇಳಬೇಕೆ? ಬರವಣಿಗೆಯಲ್ಲಿ ಅದ್ಭುತ ಚಿತ್ರ. ಕಪಾಟಿನೊಳಗೆ ಇಟ್ಟುಕೊಂಡು ಓದಿಕೊಳ್ಳಬಹುದು. ಗೋಡೆಗೆ ಹಾಕಿಕೊಂಡು ದಿನಾ ಬೆಳಿಗ್ಗೆ ನೋಡಲು ನನಗಾಗದು. 1876ರದು ಪರವಾಗಿಲ್ಲ: ಡಿಸ್ರೇಲಿ ಹಳೇ ಸಾಮಾನಿನ ವ್ಯಾಪಾರಿಯ ಹಾಗೆ ವಿಕ್ಟೋರಿಯಾಗೆ ಹೊಸ ಕಿರೀಟ ಕೊಟ್ಟು ಹಳೆಯದನ್ನು ಕೇಳುತ್ತಾನೆ. ಆ ಹೊಸದು ಇಂಡಿಯಾದ ಚಕ್ರವರ್ತಿನಿಯದು. ಅಲ್ಲಿ ನಗೆಗೆ ಸಿಕ್ಕವರು ದೊಡ್ಡವರು.

ಬಿಡಿ ಹಾಳೆ ಕೊಳ್ಳುವುದಕ್ಕಿಂತ ಆರು ತಿಂಗಳ ಬೈಂಡು ಸಂಪುಟವೇ ಲಾಭ. 26 ವಾರ, ಅಷ್ಟೂ ದೊಡ್ಡ ಚಿತ್ರ, ಜೊತೆಗೆ ಅಡಿಗಡಿಗೆ ಸಣ್ಣವು. ಬೈಂಡು ಬಿಟ್ಟುಹೋದ ಸಂಪುಟವಾದರೆ ಇನ್ನೂ ಅಗ್ಗ. ಗಟ್ಟಿ ಸಂಪುಟವನ್ನು ಬಿಡಿಸಿ ಹಾಳೆ ಹಾಳೆಯಾಗಿ ಮಾರುವವರ ಮೇಲೆ ನನಗೆ ಕೋಪವಿದೆ, ಅದು ಬೇರೆ ವಿಷಯ.

ಫ್ರಾನ್ಸಿನ ಡೋಮಿಯೆ, ಅಮೆರಿಕದ ‘ಪಕ್’ ಪತ್ರಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೋಮಿಯೆ ನಿಜವಾದ ಗಂಡೆದೆಯವನು. ರಾಜ ಲೂಯಿ ಫಿಲಿಪ್‌ನನ್ನು ಬಡವರ ದುಡ್ಡು ನುಂಗುವ ದೈತ್ಯನಂತೆ 1831ರಲ್ಲಿ ಬರೆದು ಆರು ತಿಂಗಳ ಶಿಕ್ಷೆ ಪಡೆದ. ಅವನ ಕಲ್ಲಚ್ಚುಗಳು ನಾಲ್ಕು ಸಾವಿರದಷ್ಟಿವೆ. ಪತ್ರಿಕೆಯಲ್ಲಿ ಬಂದವುಗಳ ಬೆನ್ನಿಗೆ ಸುದ್ದಿಯ ಅಕ್ಷರ ಇರುತ್ತದೆ, ಬಿಳಿ ಕಾಗದದ ಪ್ರತಿಗಳಿಗೆ ಇರುವುದಿಲ್ಲ. ಎರಡನೆಯದಕ್ಕೆ ಬೆಲೆ ಜಾಸ್ತಿ. ‘ಪಕ್’ನ ನಡುಪುಟದ ಬಣ್ಣದ ಚಿತ್ರ ಕಣ್ಣಿಗೆ ಹಬ್ಬ, ಆದರೆ ಮಧ್ಯಕ್ಕೆ ಮಡಿಕೆ, ಕಾಗದ ಹಪ್ಪಳದ ಹಾಗೆ. ಅಲ್ಲಿನ ಸೆನೆಟರುಗಳ ಜಗಳವನ್ನು ಬಂದವರಿಗೆಲ್ಲ ವಿವರಿಸುತ್ತಾ ಕೂರಲು ಯಾರಿಗೆ ಪುರುಸೊತ್ತು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಪುಕ್ಕಟೆ ನೋಡಿಕೊಳ್ಳಿ.

ಕೊರವಂಜಿ, ಇನ್ನಿತರರು

ನಮ್ಮ ದೇಶದಲ್ಲಿ ಲಖನೌದ ‘ಅವಧ್ ಪಂಚ್’, ಮುಂಬಯಿಯ ‘ಹಿಂದಿ ಪಂಚ್’, ಚೆನ್ನೈಯಲ್ಲಿ ಸುಬ್ರಹ್ಮಣ್ಯ ಭಾರತಿಯವರ ‘ಇಂಡಿಯಾ’ ಎಲ್ಲವೂ ವ್ಯಂಗ್ಯಚಿತ್ರ ಹಾಕುತ್ತಿದ್ದವು. 1917ರಲ್ಲಿ ಗಗನೇಂದ್ರನಾಥ ಠಾಕೂರರು ಕಲ್ಲಚ್ಚಿನಲ್ಲಿ ತಂದ ಸಂಪುಟಗಳಲ್ಲಿ ದೊರೆಗಳ ಕಾಲು ಹಿಡಿಯುವ ಬಾಬುಗಳಿಗೆ ಬಿದ್ದ ಪೆಟ್ಟು ಗಿಲ್ರೇಗೇನೂ ಕಡಿಮೆಯಿಲ್ಲ. ಆದರೆ ಅವೆಲ್ಲ ಗ್ರಂಥಾಲಯ, ಹರಾಜುಮನೆಗಳ ಸರಕು.

ನಮ್ಮ ಕೈಗೆಟುಕುವುದು ‘ಕೊರವಂಜಿ’. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದ ಕನ್ನಡ ಹಾಸ್ಯ ಮಾಸಿಕ. 1921ರಲ್ಲಿ ಮೈಸೂರಿನಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್ ಮುಂಬಯಿಗೆ ಹೋಗಿ ದೊಡ್ಡವರಾಗುವ ಮುಂಚೆ ಇದಕ್ಕೆ ಚಿತ್ರ ಬರೆದವರು. ಕಾಗದಕ್ಕೆ ಬರ ಬಂದಿದ್ದ ಯುದ್ಧದ ದಿನಗಳ ಸಂಚಿಕೆಗಳು ಬಡಕಲು. ಅಚ್ಚಿನ ಸೊಗಸು ನೋಡಿದರೆ ಸ್ಪೈ ಮುಂದೆ ನಿಲ್ಲುವುದಿಲ್ಲ. ಆದರೇನು, ಕಾಯುತ್ತಾ ಕೂತ ಕಕ್ಷಿದಾರ ತಾನೇ ಓದಿ ತಾನೇ ನಗಬಲ್ಲ; ನೀವು ಎದ್ದು ಬಂದು ಪುರಾಣ ಹೇಳಬೇಕಿಲ್ಲ. ಇದು ಸಿಗುವುದು ಹರಾಜಿನಲ್ಲಲ್ಲ, ಹಳೇ ಪುಸ್ತಕದಂಗಡಿ, ಗುಜರಿ, ತೀರಿಹೋದ ಮೇಷ್ಟರ ಅಟ್ಟದಲ್ಲಿ. ಸಿಕ್ಕರೆ ಪುಟ ಕೀಳಬೇಡಿ. ತುಕ್ಕು ಹಿಡಿದ ಪಿನ್ನು ತೆಗೆದು, ತೆರೆದ ಪುಟ ಕಾಣುವಂತೆ ಪೂರಾ ಸಂಚಿಕೆಯನ್ನೇ ಆಳವಾದ ಕಟ್ಟಿನೊಳಗೆ ಕೂರಿಸಬಹುದು. ಒಂದು ಎಚ್ಚರ: ಲಕ್ಷ್ಮಣ್ ತೀರಿಕೊಂಡದ್ದು 2015ರಲ್ಲಿ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಆಮೇಲೆ 60 ವರ್ಷ ಇರುತ್ತದೆ. ಹಳೇ ಸಂಚಿಕೆ ಕೊಳ್ಳುವುದು ಸರಿ, ಅವರ ಚಿತ್ರವನ್ನು ದೊಡ್ಡದು ಮಾಡಿ ಪ್ರಿಂಟು ಹಾಕಿಸಿ ಮಾರುವುದು ಸರಿಯಲ್ಲ. ವಕೀಲರ ಆಫೀಸಿನಲ್ಲಂತೂ!

ಅಸಲಿ, ನಕಲಿ, ಹಸಿ

ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಒಂದನ್ನು ಇಟ್ಟುಕೊಳ್ಳಿ. ಬಣ್ಣದ ಜಾಗದಲ್ಲಿ ಸಾಲುಸಾಲಾಗಿ ಒಂದೇ ಕ್ರಮದಲ್ಲಿ ಚುಕ್ಕಿ ಕಂಡರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರದಚ್ಚು, ಎಷ್ಟೇ ಹಳದಿಗಟ್ಟಿದ್ದರೂ. ಕಲ್ಲಚ್ಚಿನ ಬಣ್ಣ ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ. ತಾಮ್ರದ ತಗಡಿನದಾದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಆನ್‌ಲೈನಿನಲ್ಲಿ ಒಬ್ಬನಿಂದ ‘1880ರ ಸ್ಪೈ’ ತರಿಸಿ, ಮೂರು ತಿಂಗಳು ಬಂದವರಿಗೆಲ್ಲ ತೋರಿಸಿ ಮೆರೆದ ಮೇಲೆ ಗಾಜಿನಲ್ಲಿ ನೋಡಿದೆ. ಸಾಲು ಚುಕ್ಕಿ. ಟೀಯಲ್ಲಿ ಅದ್ದಿ ಹಳತು ಮಾಡಿದ್ದ ಪುಣ್ಯಾತ್ಮ.

ಹೊರದೇಶದಿಂದ ತರಿಸುವುದಾದರೆ ಅಂಚೆ ವೆಚ್ಚದ ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೀಳುತ್ತದೆ. ಅದನ್ನು ಸೇರಿಸಿಯೇ ಲೆಕ್ಕ ಹಾಕಿ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯಿದೆಗೆ ಬರುತ್ತದೆ. ಅಮೆರಿಕದ ಮಗನಿಗೆ ಉಡುಗೊರೆ ಎಂದು ಸೂಟ್‌ಕೇಸಿನಲ್ಲಿಟ್ಟು ಕಳಿಸಲು ಹೋಗಬೇಡಿ.

ಕಟ್ಟು ಹಾಕಿಸುವಾಗಲೇ ಹೆಚ್ಚು ಚಿತ್ರಗಳು ಸಾಯುವುದು. ನನ್ನದೇ ಒಂದು ಪಂಚ್ ಹಾಳೆಯನ್ನು ಅಂಗಡಿಯವರೊಬ್ಬರು ಪ್ಲೈವುಡ್ಡಿಗೆ ಅಂಟು ಬಳಿದು ಮೆತ್ತಿಬಿಟ್ಟರು. ‘ಸುಕ್ಕೇ ಬರಲ್ಲ ಸಾರ್’ ಎಂಬ ಹೆಮ್ಮೆ ಬೇರೆ. ಅಂಗಡಿಯವರಿಗೆ ಮೊದಲೇ ಹೇಳಿ: ಅಂಟು ಬೇಡ, ಸೆಲೊಟೇಪು ಬೇಡ, ಲ್ಯಾಮಿನೇಶನ್ ಬೇಡವೇ ಬೇಡ. ಆಮ್ಲವಿಲ್ಲದ ರಟ್ಟು, ಮೇಲಂಚಿನಲ್ಲಿ ಗಂಜಿಯಲ್ಲಿ ಅಂಟಿಸಿದ ತೆಳು ಕಾಗದದ ಎರಡು ಪಟ್ಟಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು (ಮೌಂಟು). ಇಷ್ಟೇ. ಆಮೇಲೆ ಜಾಗ. ನಮ್ಮ ಕಡೆ ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ಕಾಗದಕ್ಕೆ ಕಂದು ಚುಕ್ಕಿ, ಹಿಂದೆ ಗೆದ್ದಲು. ಬಿಸಿಲು ಬೀಳುವ ಗೋಡೆಯೂ ಬೇಡ, ಕೈಬಣ್ಣ ಮಾಸುತ್ತದೆ. ಒಳಗೋಡೆ, ಒಣಗೋಡೆ.

ಹಾಗಾದರೆ ಯಾವುದು? ನನ್ನ ತೀರ್ಪು: ಅಸಲಿ ಕಾಗದದ ಸುಖ ಬೇಕು, ದುಡ್ಡು ಮಿತ ಎನ್ನುವವರು ಪಂಚ್ ಸಂಪುಟ ತನ್ನಿ. ತಕರಾರಿಲ್ಲದ ಅಂದ ಬೇಕೆನ್ನುವವರಿಗೆ ಸ್ಪೈ, ಅದರಲ್ಲೂ ಯಾರಿಗೂ ಬೇಡದ ಪಾರ್ಲಿಮೆಂಟ್ ಸದಸ್ಯ. ಗೆರೆಯ ಹುಚ್ಚಿದ್ದವರು ಬಾನ್ ಅಚ್ಚಿನ ಗಿಲ್ರೇ ಹುಡುಕಿ. ಮಂಡ್ಯ–ಮೈಸೂರಿನ ಮನೆಗೆ ಮಾತ್ರ, ‘ಮುಂಗಾರು’ ಚಿತ್ರದ ನಕಲನ್ನೇ ಹತ್ತಿಯ ಕಾಗದದ ಮೇಲೆ ಚೆನ್ನಾಗಿ ಅಚ್ಚು ಹಾಕಿಸಿ, ‘ನಕಲು’ ಎಂದು ಕೆಳಗೆ ಬರೆಸಿ ತೂಗುಹಾಕುವುದೇ ನನಗೆ ಸರಿ ಕಂಡದ್ದು. ಸಾಧಾರಣ ಅಸಲಿಗಿಂತ ಊರಿನ ಕಥೆಯಿರುವ ನಕಲು ಮೇಲು.

‘ಟಿಪ್ಪುವಾ? ಮಂಡ್ಯದಲ್ಲಾ? ಅರ್ಧ ಜನ ಕೇಸು ಕೊಡ್ತಾರೆ, ಇನ್ನರ್ಧ ಜನ ಹಾರ ಹಾಕ್ತಾರೆ ಭಾವ’ ಎಂದ. ಎರಡೂ ಕಕ್ಷಿದಾರರೇ ತಾನೆ ಎಂದೆ. ಒಪ್ಪಿದ.

ಹೋದ ತಿಂಗಳು ಹೋಗಿ ನಾನೇ ಮೊಳೆ ಹೊಡೆಸಿದೆ. ಗೋಡೆ ಮುಟ್ಟಿ ಮುಟ್ಟಿ ನೋಡಿ, ಬಿಸಿಲೂ ಹಸಿಯೂ ಇಲ್ಲದ ಒಳಗೋಡೆಯನ್ನೇ ಆರಿಸಿದ್ದೆವು. ಅತ್ತೆ ಕಾಫಿ ತಂದು, ಕನ್ನಡಕ ಹಾಕಿಕೊಂಡು, ಕೋಟೆಯ ಮೇಲಿರುವವನು ಏನು ಮಾಡುತ್ತಿದ್ದಾನೆಂದು ಕೇಳಿದರು. ಇವನು ತಲೆ ತಗ್ಗಿಸಿದ. ಮಳೆ ಅಂತ ಏನೋ ತಡವರಿಸಿದೆ. ಅವರು ಇನ್ನೂ ಹತ್ತಿರ ಹೋಗಿ ನೋಡಿದರು. ಆಮೇಲೆ ಗೋಡೆಯ ಮೇಲೆ ಎರಡು ಸಲ ತಟ್ಟಿ, ‘ಇದರ ಆಚೆಗಿರೋದು ನಮ್ಮ ದೇವರ ಮನೆ ಅಲ್ವೇನೋ?’ ಅಂದರು.